ಒಬ್ಬನೇ ಎತ್ತಬಲ್ಲ ಸ್ಪೀಕರ್

ಮೂರು ಗಂಟೆಯ ರಸಮಂಜರಿ ಕಾರ್ಯಕ್ರಮ ಎಂದರೆ ಅದರ ಹಿಂದೆ ಮುಂದೆ ಇನ್ನೊಂದು ಮೂರು ಗಂಟೆಯ ಹಮಾಲಿ ಇದ್ದೇ ಇರುತ್ತದೆ. ಹದಿನೈದು ಇಂಚಿನ ಕೋನಿರುವ ಎರಡು ಮರದ ಸ್ಪೀಕರ್ ಡಬ್ಬಗಳು ತಲಾ 35 ಕೆಜಿ, ಹದಿನೆಂಟು ಇಂಚಿನ ಎರಡು ಬೇಸ್ ಬಿನ್ (ತಗ್ಗು ದನಿಯ ಡಬ್ಬ) ತಲಾ 45, ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಆಂಪ್ (ಆಂಪ್ಲಿಫೈಯರ್) ಕೂತ ರ‍್ಯಾಕ್ 30. ಅದರ ಮೇಲೆ ಮಿಕ್ಸರ್, ಸ್ಟ್ಯಾಂಡು, ಮೂಟೆ ಕೇಬಲ್ಲು. ಎಲ್ಲ ಸೇರಿ 200 ಕೆಜಿ ದಾಟುತ್ತದೆ. ಇದಕ್ಕೊಂದು ಟಾಟಾ ಏಸ್ ಬೇಕು, ಹೊರಲು ಇಬ್ಬರು ಹುಡುಗರು ಬೇಕು. ಕಲ್ಯಾಣ ಮಂಟಪ ಮಹಡಿಯ ಮೇಲಿದ್ದು ಲಿಫ್ಟು ಅಡುಗೆಯವರ ವಶದಲ್ಲಿದ್ದರೆ ಮೂರನೆಯವನೂ ಬೇಕು. ಇಬ್ಬರು ಗಾಯಕರು, ಕೀಬೋರ್ಡು, ತಬಲಾ ಅಥವಾ ಢೋಲಕ್, ರಿದಂ ಪ್ಯಾಡು, ಬೇಸ್ ಗಿಟಾರು ಇಷ್ಟೇ ಇರುವ ಐದಾರು ಜನರ ತಂಡಕ್ಕೆ ಸಿಗುವ ಸಂಭಾವನೆಯಲ್ಲಿ ಕೈಗೆ ಹತ್ತುವುದಕ್ಕಿಂತ ಸಾಮಾನು ಸಾಗಿಸಲು ಹೋಗುವುದೇ ಹೆಚ್ಚು.

ಚಿಕ್ಕ ಸಿಸ್ಟಂ ಕೊಳ್ಳೋಣ ಎಂದು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಎಷ್ಟು ವ್ಯಾಟು, ಎಷ್ಟು ಇಂಚು ಎಂದು. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆ: ತಂಡದಲ್ಲಿರುವ ಒಬ್ಬರೇ ಇದನ್ನು ಒಂದು ಮಹಡಿ ಹೊತ್ತು ತಂದು, ಯಾರ ಸಹಾಯವೂ ಇಲ್ಲದೆ ಸ್ಟ್ಯಾಂಡಿನ ಮೇಲೆ ಕೂರಿಸಬಹುದೇ? ಹೆಚ್ಚಿನವರಿಗೆ ಆ ಮಿತಿ 15–16 ಕೆಜಿ. 20 ಕೆಜಿಯ ಡಬ್ಬವನ್ನು ಹೊರಬಹುದು, ಆದರೆ ಎದೆ ಮಟ್ಟದಿಂದ ಮೇಲೆತ್ತಿ, ಕೆಳಗಿನ ತೂತನ್ನು ಕಣ್ಣಿಗೆ ಕಾಣದ 35 ಮಿ.ಮೀ. ಕೊಳವೆಗೆ ಸರಿಯಾಗಿ ಇಳಿಸುವಾಗ ಸೊಂಟ ಹಿಡಿಯುತ್ತದೆ. ಮೊದಲು ತೂಕದ ಗೆರೆ ಎಳೆದುಕೊಂಡು, ಅದರೊಳಗೆ ಯಾವುದು ಕಂಠವನ್ನು ಸ್ವಚ್ಛವಾಗಿ ಕೇಳಿಸುತ್ತದೆ ಎಂದು ಹುಡುಕಿ. ಆ ಗೆರೆಯಾಚೆ ಉಳಿಯುವುದು ಬಯಲು ಜಾಗದ ಬೇಸ್ ಒಂದೇ. ಅದನ್ನು ಬೇಕಾದ ದಿನ ಬಾಡಿಗೆಗೆ ತರಬಹುದು.

ಸ್ಪೀಕರ್ ಹಗುರಾದದ್ದು ಹೇಗೆಂದು ಗೊತ್ತಿದ್ದರೆ ಎಲ್ಲಿ ಮೋಸ ಹೋಗುತ್ತೇವೆ ಎನ್ನುವುದೂ ಗೊತ್ತಾಗುತ್ತದೆ. ಹಳೇ ಹದಿನೈದು ಇಂಚಿನ ಬೆನ್ನಿಗೆ ಕಿಲೋಗಟ್ಟಲೆ ತೂಗುವ ಫೆರೈಟ್ ಮ್ಯಾಗ್ನೆಟ್ ಇತ್ತು. 1980ರ ದಶಕದಲ್ಲಿ ಬಂದ ನಿಯೋಡೈಮಿಯಂ ಮ್ಯಾಗ್ನೆಟ್ ಅದೇ ಕೆಲಸವನ್ನು ಅದರ ಸಣ್ಣ ಪಾಲು ತೂಕದಲ್ಲಿ ಮಾಡುತ್ತದೆ. ಆಂಪಿನೊಳಗೆ 50 ಹರ್ಟ್ಸ್‌ನ ದೊಡ್ಡ ಟ್ರಾನ್ಸ್‌ಫಾರ್ಮರ್ ಹೋಗಿ ಹಗುರವಾದ ಸ್ವಿಚಿಂಗ್ ವಿದ್ಯುತ್ ಪೂರೈಕೆ, ಅಂದರೆ ಎಸ್‌ಎಂಪಿಎಸ್, ಬಂತು. ಕ್ಲಾಸ್ ಡಿ ಎಂಬ ಬಗೆಯ ಆಂಪ್ ಕಡಿಮೆ ಬಿಸಿಯಾಗುವುದರಿಂದ ಬಿಸಿ ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಚಿಕ್ಕದಾಯಿತು. ಪ್ಲೈವುಡ್ಡಿನ ಜಾಗಕ್ಕೆ ಪಾಲಿಪ್ರೊಪಿಲೀನ್ ಬಂತು. ಇವೆಲ್ಲ ಹೆಚ್ಚುಕಮ್ಮಿ ನಿಜವಾದ ಲಾಭ. ಪ್ಲಾಸ್ಟಿಕ್ ಡಬ್ಬ ಮಾತ್ರ ತೀರಾ ತೆಳುವಾಗಿದ್ದರೆ ತಾನೂ ಜೊತೆಗೆ ಗುಂಯ್ಗುಡುತ್ತದೆ, ಬೆರಳ ಗೆಣ್ಣಿನಿಂದ ಪಕ್ಕಕ್ಕೆ ಬಡಿದರೆ ಗೊತ್ತಾಗಿಬಿಡುತ್ತದೆ.

ಡಬ್ಬವನ್ನೇ ಚಿಕ್ಕದು ಮಾಡುವುದು ಮಾತ್ರ ಪುಕ್ಕಟೆ ಲಾಭವಲ್ಲ. ಸ್ಪೀಕರ್ ವಿನ್ಯಾಸ ಮಾಡುವವರು ಹಾಫ್‌ಮನ್ ನಿಯಮ ಅನ್ನುತ್ತಾರೆ: ಚಿಕ್ಕ ಡಬ್ಬ, ಆಳದ ಬೇಸ್, ಕಡಿಮೆ ವಿದ್ಯುತ್ತಿಗೆ ಹೆಚ್ಚು ಸದ್ದು, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಇವತ್ತಿನ ಹತ್ತು ಇಂಚಿನ ಡಬ್ಬಗಳು ಒಳಗಿನ ಡಿಎಸ್‌ಪಿಯಿಂದ (ಸದ್ದನ್ನು ತಿದ್ದುವ ಡಿಜಿಟಲ್ ಚಿಪ್) ಬೇಸನ್ನು ಎತ್ತಿ ತೋರಿಸುತ್ತವೆ. ಅಂಗಡಿಯ ಮೆಲುದನಿಯಲ್ಲಿ ಹದಿನೈದು ಇಂಚಿನಷ್ಟೇ ತುಂಬಿ ಕೇಳುತ್ತದೆ. ವೇದಿಕೆಯ ಮೇಲೆ ವಾಲ್ಯೂಮ್ ಏರಿದ ಹಾಗೆ ಕೋನು ಹರಿದುಹೋಗದಂತೆ ಅದೇ ಡಿಎಸ್‌ಪಿ ಮೊದಲು ಬೇಸನ್ನೇ ಕತ್ತರಿಸುತ್ತದೆ. ಮೊದಲ ಹಾಡಿನಲ್ಲಿ ಗುಂಡಗಿದ್ದ ಢೋಲಕ್ ಎಂಟನೇ ಹಾಡಿಗೆ ರಟ್ಟಿನ ಡಬ್ಬ ಬಡಿದಂತಾಯಿತು ಎಂದು ದೂರುವವರಿಗೆ ಆಗಿರುವುದು ಇದೇ. ಸ್ಪೀಕರ್ ಕೆಟ್ಟಿಲ್ಲ, ತನ್ನ ಪ್ರಾಣ ಉಳಿಸಿಕೊಳ್ಳುತ್ತಿದೆ.

ವ್ಯಾಟಿನ ಮಾತು ಬಿಡಿ. ಯಮಾಹಾ ಡಿಬಿಆರ್10 ಮೇಲೆ 700 ವ್ಯಾಟ್ ಎಂದಿದೆ, ತೂಕ 10.5 ಕೆಜಿ, ಗರಿಷ್ಠ ಸದ್ದು 129 ಡೆಸಿಬೆಲ್. ಕ್ಯೂಎಸ್‌ಸಿ ಕೆ10.2 ಮೇಲೆ 2000 ವ್ಯಾಟ್ ಎಂದಿದೆ, ತೂಕ 14.5 ಕೆಜಿ, ಗರಿಷ್ಠ 130. ವ್ಯಾಟಿನಲ್ಲಿ ಸುಮಾರು ಮೂರು ಪಟ್ಟು ವ್ಯತ್ಯಾಸ, ಸದ್ದಿನಲ್ಲಿ ಒಂದು ಡೆಸಿಬೆಲ್. ಒಂದು ಡೆಸಿಬೆಲ್ ವ್ಯತ್ಯಾಸ ಹಾಡಿನ ನಡುವೆ ಯಾರ ಕಿವಿಗೂ ಬೀಳುವುದಿಲ್ಲ. ಕೆ10.2ಕ್ಕೆ ಬೇರೆ ಗುಣಗಳಿವೆ, ಬೆಲೆಯೂ ಹಾಗೇ ಇದೆ. ಆದರೆ ಹೆಚ್ಚು ಸದ್ದು ಬರುತ್ತದೆಂದು ಅದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಆ ಗರಿಷ್ಠ ಡೆಸಿಬೆಲ್ ಅಂಕಿಯನ್ನೂ ಹಾಗೇ ನುಂಗಬಾರದು. ಅದು ಒಂದು ಮೀಟರ್ ದೂರದಲ್ಲಿ, ಕ್ಷಣಮಾತ್ರ ಬರುವ ಶಿಖರದ ಲೆಕ್ಕ. ಸಂಗೀತದ ಸರಾಸರಿ ಮಟ್ಟ ಶಿಖರಕ್ಕಿಂತ ಸುಮಾರು 12 ಡೆಸಿಬೆಲ್ ಕೆಳಗಿರುತ್ತದೆ. 129ರಿಂದ ಅಷ್ಟು ಕಳೆದರೆ 117. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ, ಅಂದರೆ ಹತ್ತು ಮೀಟರ್‌ಗೆ 20 ಇಳಿದು 97. ಎರಡು ಡಬ್ಬ ಇರುವುದರಿಂದ 3 ಸೇರಿಸಿ 100. ಕಂಪನಿಯ ಅಂಕಿಯಲ್ಲಿ ಉತ್ಸಾಹ ಇರುತ್ತದೆಂದು 5 ಕಳೆದುಬಿಡಿ, 95. ಇನ್ನೂರು ಮುನ್ನೂರು ಜನ ಕೂತ ಛತ್ರದ ನಡುವಿಗೆ ಇಷ್ಟು ಸಾಕಷ್ಟಾಯಿತು. ಊಟದ ಹೊತ್ತಿನ ಆರತಕ್ಷತೆಗೆ ಇದರಲ್ಲಿ ಅರ್ಧವೂ ಬೇಡ, ಪಕ್ಕದಲ್ಲಿ ಕೂತವರ ಮಾತು ಕೇಳದಿದ್ದರೆ ಬೀಗರು ವೇದಿಕೆಗೇ ಬರುತ್ತಾರೆ. ಅದೇ ಸಿಸ್ಟಂ ಗಣೇಶೋತ್ಸವದ ಬೀದಿಯಲ್ಲಿ 30 ಮೀಟರ್ ಆಚೆ ನಿಂತವನಿಗೆ 85ರ ಆಸುಪಾಸು ಕೊಡುತ್ತದೆ, ಜನಜಂಗುಳಿಯ ಗದ್ದಲ ಕೂಡ ಅದರ ಹತ್ತಿರಕ್ಕೇ ಇರುತ್ತದೆ. ಅಲ್ಲಿಗೆ ಇದು ಸಾಲದು. ಹೀಗೆ ಕಾಗದದ ಮೇಲೆ ಐದು ನಿಮಿಷ ಕೂಡಿ ಕಳೆದರೆ ಅಂಗಡಿಯವನ ಅರ್ಧ ಮಾತು ಕೇಳುವ ಅಗತ್ಯ ಬೀಳುವುದಿಲ್ಲ.

ಲೆಕ್ಕಕ್ಕೆ ಕೂರುವ ಮೊದಲು ತಂಡದಲ್ಲಿ ಅಕೂಸ್ಟಿಕ್ ಡ್ರಮ್ ಸೆಟ್ ಇದೆಯೇ ನೋಡಿ. ಇದ್ದರೆ ಸಣ್ಣ ಹಾಲ್‌ನಲ್ಲಿ ಸದ್ದಿನ ಕೆಳಮಿತಿಯನ್ನು ನಿರ್ಧರಿಸುವವನು ಡ್ರಮ್ಮರೇ. ಕಂಠ ಅವನನ್ನು ಮೀರಬೇಕು. ನಮ್ಮ ಬಹಳಷ್ಟು ತಂಡಗಳಲ್ಲಿ ಅದರ ಬದಲು ರೋಲ್ಯಾಂಡ್ ಆಕ್ಟಾಪ್ಯಾಡ್ ಎಂಬ ಎಲೆಕ್ಟ್ರಾನಿಕ್ ರಿದಂ ಪ್ಯಾಡು ಇರುತ್ತದೆ. ಚಿಕ್ಕ ಸಿಸ್ಟಂಗೆ ಇದೊಂದು ವರ. ಪ್ಯಾಡಿಗೆ ಸ್ವಂತ ಸದ್ದಿಲ್ಲ, ವಾಲ್ಯೂಮ್ ನಮ್ಮ ಕೈಯಲ್ಲಿರುತ್ತದೆ. ತೊಂದರೆ ಇರುವುದು ಪ್ಯಾಡಿನ ಕಿಕ್ (ದೊಡ್ಡ ಡ್ರಮ್ಮಿನ) ಧ್ವನಿಗಳಲ್ಲಿ: ಹೆಚ್ಚಿನವನ್ನು ಹೆಡ್‌ಫೋನಿನಲ್ಲಿ ಕೇಳಿ ಮೆಚ್ಚುವಂತೆ 40–50 ಹರ್ಟ್ಸ್‌ನ ಗುಮ್ಮಿನ ಜೊತೆ ಮಾಡಿರುತ್ತಾರೆ. ಹತ್ತು ಇಂಚಿನ ಡಬ್ಬ ಅದನ್ನು ನುಡಿಸಲಾಗದೆ, ಸದ್ದನ್ನು ಮಿತಿಯಲ್ಲಿ ಹಿಡಿಯುವ ಲಿಮಿಟರ್‌ಗೆ ಬೀಳುತ್ತದೆ, ಜೊತೆಗೆ ಗಾಯಕಿಯ ದನಿಯನ್ನೂ ಎಳೆದುಕೊಂಡು ಕುಗ್ಗುತ್ತದೆ. ಪ್ಯಾಡಿನ ಚಾನೆಲ್‌ಗೆ 60 ಹರ್ಟ್ಸ್ ಕೆಳಗಿನದನ್ನು ತಡೆಯುವ ಹೈಪಾಸ್ ಹಾಕಿ, 80–100ರ ಸುತ್ತ ಹೊಡೆತ ಇರುವ, ತುದಿಯಲ್ಲಿ ಟಕ್ ಎನ್ನುವ ಕಿಕ್ ಆರಿಸಿದರೆ ಅದೇ ಡಬ್ಬದಿಂದ ಬರುವ ತಾಳ ಎರಡರಷ್ಟು ಗಟ್ಟಿಯಾಗಿ ಕೇಳುತ್ತದೆ. ಬೇಸ್ ಗಿಟಾರಿನ ಕೆಳಗಿನ ಇ ತಂತಿ 41 ಹರ್ಟ್ಸ್. ಆದರೆ ಅದರ ಎರಡರಷ್ಟಾದ 82 ಸ್ಪಷ್ಟವಾಗಿದ್ದರೆ ಕಿವಿ ಮಿಕ್ಕದ್ದನ್ನು ತಾನೇ ಊಹಿಸಿಕೊಳ್ಳುತ್ತದೆ.

ಛತ್ರಗಳ ಹಾಲ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗ್ರಾನೈಟ್ ನೆಲ, ಮೂರು ಕಡೆ ಬೋಳು ಗೋಡೆ, ಎತ್ತರದ ಚಾವಣಿ. ಒಂದು ಚಪ್ಪಾಳೆ ತಟ್ಟಿದರೆ ಅದು ಸಾಯಲು ಹೊತ್ತು ಹಿಡಿಯುತ್ತದೆ. ಇಂಥಲ್ಲಿ ಹಿಂದಿನ ಸಾಲಿನವರಿಗೆ ಸಾಹಿತ್ಯ ಕೇಳುತ್ತಿಲ್ಲ ಎಂದರೆ ಸದ್ದು ಸಾಲದು ಎಂದರ್ಥವಲ್ಲ. ಸ್ಪೀಕರಿನಿಂದ ನೇರ ಬರುವ ಸದ್ದಿಗಿಂತ ಗೋಡೆಗಳಿಂದ ಮರಳಿ ಬರುವ ಸದ್ದು ಅವರ ಕಿವಿಗೆ ಹೆಚ್ಚು ಬೀಳುತ್ತಿದೆ. ವಾಲ್ಯೂಮ್ ಏರಿಸಿದರೆ ಎರಡೂ ಒಟ್ಟಿಗೇ ಏರುತ್ತವೆ, ಸ್ಪಷ್ಟತೆ ಅಷ್ಟೇ ಇರುತ್ತದೆ, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಸ್ಪೀಕರನ್ನು ಕೇಳುಗರ ಹತ್ತಿರ ಒಯ್ಯುವುದೇ ಇದಕ್ಕಿರುವ ಮದ್ದು. ಚಿಕ್ಕ ಡಬ್ಬಗಳ ನಿಜವಾದ ಬಲ ಗೊತ್ತಾಗುವುದು ಇಲ್ಲಿ: ವೇದಿಕೆಯ ಎರಡು ಬದಿಗೆ ಎರಡು, ಹಾಲ್‌ನ ನಡುವೆ ಗೋಡೆ ಪಕ್ಕ ಇನ್ನೆರಡು. ವೇದಿಕೆಯ ಸದ್ದು ಅಲ್ಲಿಗೆ ಬರುವ ಹೊತ್ತಿಗೇ ನುಡಿಯುವಂತೆ ನಡುವಿನ ಜೋಡಿಗೆ ತಡ ಕೊಡಬೇಕು. ನಮ್ಮ ಹವೆಯಲ್ಲಿ ಶಬ್ದ ಸೆಕೆಂಡಿಗೆ 345–350 ಮೀಟರ್ ಹೋಗುತ್ತದೆ, 10 ಮೀಟರ್ ಅಂತರಕ್ಕೆ ಸುಮಾರು 29 ಮಿಲಿಸೆಕೆಂಡ್. ಅದಕ್ಕೆ ಇನ್ನೊಂದು ಹತ್ತು ಸೇರಿಸಿ 39 ಮಾಡಿದರೆ ಹಾಡು ವೇದಿಕೆಯ ಕಡೆಯಿಂದಲೇ ಬರುತ್ತಿದೆ ಎನ್ನಿಸುತ್ತದೆ. ಕೆಲವು ಸ್ಪೀಕರ್‌ಗಳ ಹಿಂಬದಿಯ ಮೆನುವಿನಲ್ಲೇ ತಡದ ಆಯ್ಕೆ ಇದೆ, ಇಲ್ಲದಿದ್ದರೆ ಮಿಕ್ಸರ್‌ನ ಔಟ್‌ಪುಟ್‌ನಲ್ಲಿ ಹುಡುಕಬೇಕು. ಎರಡು ಕಡೆಯೂ ಇಲ್ಲದಿದ್ದರೆ ನಡುವಿನ ಜೋಡಿಯನ್ನು ಮೆಲ್ಲಗೆ ಇಟ್ಟು, ಬೇಸ್ ಪೂರ್ತಿ ಕತ್ತರಿಸಿ ಬರೀ ಕಂಠ ಕಳಿಸಿ. 45 ಕೆಜಿಯ ಡಬ್ಬ ಇದ್ದ ಕಾಲದಲ್ಲಿ ಇದನ್ನು ಯೋಚಿಸುವ ಮನಸ್ಸೇ ಯಾರಿಗೂ ಬರುತ್ತಿರಲಿಲ್ಲ.

ಎತ್ತರವೂ ಅಷ್ಟೇ ಮುಖ್ಯ. ಡಬ್ಬದಲ್ಲಿ ಮೇಲಿನ ದನಿ ಹೊರಡಿಸುವ ಹಾರ್ನ್, ಕೂತವರ ತಲೆಯ ಮಟ್ಟದಲ್ಲಿದ್ದರೆ ಮೊದಲ ಎರಡು ಸಾಲು ಸದ್ದನ್ನೆಲ್ಲ ಕುಡಿದುಬಿಡುತ್ತವೆ. ಮೂರು ಮೀಟರಿನಲ್ಲಿ ಕೂತವನಿಗೂ ಹದಿನೆಂಟು ಮೀಟರಿನಲ್ಲಿ ಕೂತವನಿಗೂ 15 ಡೆಸಿಬೆಲ್‌ಗೂ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಡಬ್ಬವನ್ನು ಎರಡು ಮೀಟರಿಗಿಂತ ಮೇಲೆತ್ತಿ, ಏಳೆಂಟು ಡಿಗ್ರಿ ಕೆಳಕ್ಕೆ ಬಾಗಿಸಿ ಕೊನೆಯ ಸಾಲಿನ ಮುಖಕ್ಕೆ ಗುರಿಯಿಟ್ಟರೆ ಈ ಅಂತರ ಕುಗ್ಗುತ್ತದೆ. ಕೆಲವು ಡಬ್ಬಗಳ ತಳದಲ್ಲಿ ಇದಕ್ಕೆಂದೇ ಓರೆಯಾದ ಎರಡನೇ ತೂತಿರುತ್ತದೆ. ಕೊಳ್ಳುವಾಗ ತಲೆಕೆಳಗು ಮಾಡಿ ನೋಡಿ.

ತಬಲಾ ಇರುವ ತಂಡಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಬೇಸ್ ಸದ್ದು ಸ್ಪೀಕರಿನ ಹಿಂದಕ್ಕೂ ಹೋಗುತ್ತದೆ, ಹಿಂದಿನ ಗೋಡೆಗೆ ಬಡಿದು ಮರಳಿ ಬಂದು ಮುಂದೆ ಹೋಗುವ ಸದ್ದಿಗೆ ಅಡ್ಡ ಬರುತ್ತದೆ. ಸ್ಪೀಕರ್ ಗೋಡೆಯಿಂದ ಒಂದು ಮೀಟರ್ ಮುಂದಿದ್ದರೆ 86 ಹರ್ಟ್ಸ್‌ನ ಸುತ್ತ ದೊಡ್ಡ ಗುಂಡಿ ಬೀಳುತ್ತದೆ. ಎಡಗೈ ಡಗ್ಗದ ಗುಮುಕಿ ಇರುವುದು ಹೆಚ್ಚುಕಮ್ಮಿ ಅಲ್ಲೇ. ಮಿಕ್ಸರಿನ ಈಕ್ಯೂದಲ್ಲಿ (ಬೇಸ್, ಮೇಲಿನ ದನಿಗಳನ್ನು ಏರಿಸಿ ಇಳಿಸುವ ತಿರುಪು) ಎಷ್ಟು ಎತ್ತಿದರೂ ತುಂಬದ ಗುಂಡಿ ಅದು, ಎತ್ತಿದಷ್ಟೂ ಮರಳಿ ಬರುವ ಸದ್ದೂ ಎದ್ದು ಅದನ್ನು ನುಂಗುತ್ತದೆ. ಡಬ್ಬವನ್ನು ಗೋಡೆಗೆ ತೀರಾ ಹತ್ತಿರ ಸರಿಸಿ, ಇಲ್ಲವೇ ಎರಡೂವರೆ ಮೀಟರಿಗೂ ಹೆಚ್ಚು ಮುಂದೆ ತನ್ನಿ. ಇದಕ್ಕೆ ದುಡ್ಡು ಬೇಡ, ಟೇಪು ಸಾಕು.

ಬರೀ ಬೇಸ್ ನುಡಿಸುವ ಡಬ್ಬ, ಅಂದರೆ ಸಬ್‌ವೂಫರ್, ಬೇಕೋ ಬೇಡವೋ? ಭಾವಗೀತೆ, ಭಕ್ತಿಗೀತೆ, ಹಾರ್ಮೋನಿಯಂ-ತಬಲಾ ತಂಡಕ್ಕೆ ಬೇಡ. ಸಿನಿಮಾ ಹಾಡು, ಕುಣಿತ, ಬೇಸ್ ಗಿಟಾರ್ ಇದ್ದರೆ ಒಂದು ಬೇಕು. ಎರಡು ಚಿಕ್ಕದಕ್ಕಿಂತ ಒಂದು ಒಳ್ಳೆಯದು ಮೇಲು: ಹನ್ನೆರಡು ಇಂಚಿನದು, 25–30 ಕೆಜಿ, ಕೆಳಗೆ ಗಾಲಿ. ಎರಡು ಸಬ್‌ಗಳನ್ನು ವೇದಿಕೆಯ ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಹಾಲ್‌ನ ನಡುದಾರಿಯಲ್ಲಿ ಬೇಸ್ ಸುರಿಯುತ್ತದೆ, ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದರೆ ಮಾಯ. ಒಟ್ಟಿಗೆ ಅಂಟಿಸಿಟ್ಟರೆ ಒಂದಕ್ಕಿಂತ 6 ಡೆಸಿಬೆಲ್ ಹೆಚ್ಚು ಸಿಗುತ್ತದೆ. ಸಬ್ ಬಂದ ಕೂಡಲೇ ಮೇಲಿನ ಡಬ್ಬಗಳಿಗೆ 100 ಹರ್ಟ್ಸ್ ಹೈಪಾಸ್ ಹಾಕುವುದನ್ನು ಮರೆಯಬಾರದು. ಸಬ್ ಕೊಂಡಿದ್ದರ ಅರ್ಧ ಲಾಭ ಇರುವುದೇ ಅದರಲ್ಲಿ. ಬೇಸಿನ ಹೊರೆ ಇಳಿದ ಹತ್ತು ಇಂಚಿನಲ್ಲಿ ಕಂಠ ಹೂವಿನಂತೆ ಬಿಚ್ಚಿಕೊಳ್ಳುತ್ತದೆ.

ಈಗ ಕಾಲಂ ಸ್ಪೀಕರ್‌ಗಳು. ಬೋಸ್ 2003ರಲ್ಲಿ ಎಲ್1 ತಂದಮೇಲೆ ಎಲ್ಲ ಕಂಪನಿಯವರೂ ಈ ದಾರಿಗೆ ಬಂದಿದ್ದಾರೆ. ಕೆಳಗೊಂದು ಸಬ್, ಅದರ ಮೇಲೆ ಸಣ್ಣ ಡ್ರೈವರ್‌ಗಳ ಉದ್ದನೆಯ ಕಂಬ. ಕಾರಿನ ಹಿಂದಿನ ಸೀಟಿಗೆ ಹಿಡಿಯುತ್ತದೆ, ಹತ್ತು ನಿಮಿಷದಲ್ಲಿ ನಿಲ್ಲುತ್ತದೆ, ಮದುವೆ ಫೋಟೊದಲ್ಲಿ ಕಣ್ಣಿಗೆ ಹೊಡೆಯುವುದಿಲ್ಲ. ಅಗಲಕ್ಕೆ ಚೆನ್ನಾಗಿ ಹರಡಿ ಮೇಲೆ ಕೆಳಗೆ ಕಡಿಮೆ ಹರಡುವುದರಿಂದ ಮಾರ್ದನಿಯ ಹಾಲ್‌ಗೆ ಒಪ್ಪುತ್ತದೆ. ಆದರೆ ಆ ಗುಣವೇ ನಾಲ್ಕಡಿ ಎತ್ತರದ ವೇದಿಕೆಯ ಮೇಲೆ ಕೈಕೊಡುತ್ತದೆ. ನೇರ ಕಂಬದ ಸದ್ದು ಕೂತವರ ತಲೆ ಮೇಲಿಂದ ಹಾದು ಹಿಂದಿನ ಗೋಡೆಗೆ ಹೋಗಿ ಬಡಿಯುತ್ತದೆ. ಬೋಸ್‌ನಲ್ಲೇ ಪ್ರೊ32 ನೇರ ಕಂಬ, ಪ್ರೊ16ರ ಬುಡ ಇಂಗ್ಲಿಷಿನ ಜೆ ಅಕ್ಷರದಂತೆ ಬಾಗಿದೆ, ಪ್ರೊ8 ಸಿ ಆಕಾರದ್ದು. ವೇದಿಕೆ ಎತ್ತರವಿದ್ದಷ್ಟೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಕಂಬವನ್ನು ವೇದಿಕೆಯಿಂದ ಇಳಿಸಿ ನೆಲದ ಮೇಲೆ ನಿಲ್ಲಿಸುವುದು ಸುಲಭದ ದಾರಿ. ತಂಡದ ಬೆನ್ನ ಹಿಂದೆ ನಿಲ್ಲಿಸಿದರೆ ಮಾನಿಟರ್ (ತಂಡಕ್ಕೆ ತನ್ನದೇ ಸದ್ದು ಕೇಳಿಸುವ ಸ್ಪೀಕರ್) ಬೇಡ ಎಂದು ಜಾಹೀರಾತು ಹೇಳುತ್ತದೆ. ಒಬ್ಬ ಗಾಯಕ, ಒಂದು ಗಿಟಾರ್ ಇದ್ದಾಗ ನಿಜ. ಐದು ಮೈಕ್ ತೆರೆದಿದ್ದು, ಅದರಲ್ಲೊಂದು ಕೊಳಲಿನದು ಎಂದಾದರೆ ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೋಗಿ ಮೊದಲ ಹಾಡಿಗೇ ಕೂಗು ಶುರು. ನಮ್ಮಂಥ ತಂಡಗಳಿಗೆ ನಾನು ಕಾಲಂ ಹೇಳುವುದಿಲ್ಲ. ಇಬ್ಬರ ತಂಡಕ್ಕೆ, ಹೋಟೆಲ್ಲಿನ ಸಂಜೆಗೆ ಕಣ್ಣುಮುಚ್ಚಿ ಹೇಳುತ್ತೇನೆ.

ಐದಾರು ಜನರ ತಂಡಕ್ಕೆ ನನ್ನ ಆಯ್ಕೆ ಒಂದೇ ಮಾದರಿಯ ನಾಲ್ಕು ಹತ್ತಿಂಚಿನ ಪವರ್ಡ್ (ಒಳಗೇ ಆಂಪ್ ಇರುವ) ಡಬ್ಬ, ಒಂದು ಹನ್ನೆರಡಿಂಚಿನ ಸಬ್. ಎರಡು ಮುಂದಕ್ಕೆ, ಎರಡು ನೆಲದ ಮಾನಿಟರ್‌ಗೆ. 10.5 ಕೆಜಿಯಂತೆ ನಾಲ್ಕೂ ಸೇರಿ 42. ಸಬ್, ಸ್ಟ್ಯಾಂಡು, ಮಿಕ್ಸರ್, ಕೇಬಲ್ ಕೂಡಿಸಿದರೂ 100 ಕೆಜಿಯೊಳಗೆ, ಒಂದು ಇನ್ನೋವಾದ ಹಿಂಭಾಗ. ನಾಲ್ಕೂ ಒಂದೇ ಏಕೆಂದರೆ ಪವರ್ಡ್ ಸ್ಪೀಕರ್‌ಗೆ ಒಂದು ಕೆಟ್ಟ ಗುಣವಿದೆ: ಒಳಗಿನ ಆಂಪ್ ಬೋರ್ಡ್ ಹೋದರೆ ಇಡೀ ಡಬ್ಬ ಹೋದಂತೆ. ಹಳೇ ಸಿಸ್ಟಂನಲ್ಲಿ ಆಂಪ್ ಸುಟ್ಟರೆ ಪಕ್ಕದ ಮೈಕ್ ಸೆಟ್‌ನವರಿಂದ ಒಂದು ತಂದು ಹಾಕಬಹುದಿತ್ತು. ಈಗ ಮುಂದಿನ ಡಬ್ಬ ಸತ್ತರೆ ಮಾನಿಟರ್ ಒಂದನ್ನು ಎತ್ತಿ ಸ್ಟ್ಯಾಂಡಿಗೆ ಹಾಕಿ ಮುಂದುವರಿಯಬೇಕು, ಮಾದರಿ ಒಂದೇ ಇದ್ದರೆ ಎಡ ಬಲದ ಬಣ್ಣವೂ ಬದಲಾಗುವುದಿಲ್ಲ. ಉದ್ದನೆಯ ಹಾಲ್ ಸಿಕ್ಕ ದಿನ ಗಾಯಕರು ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಅದೇ ಎರಡು ಮಾನಿಟರ್‌ಗಳು ನಡುಹಾಲ್‌ನ ಜೋಡಿಯಾಗುತ್ತವೆ. ಕೊಳ್ಳುವ ಮೊದಲು ಆ ಕಂಪನಿಯ ಆಂಪ್ ಬೋರ್ಡ್ ಮತ್ತು ಹಾರ್ನಿನ ಡಯಾಫ್ರಂ (ಒಳಗೆ ಕಂಪಿಸುವ ತೆಳು ಪೊರೆ) ಇಲ್ಲೇ ಸಿಗುತ್ತದೆಯೇ ಎಂದು ವಿಚಾರಿಸಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ಬೇಕಾದಷ್ಟಿವೆ, ಆದರೆ ಡಿಎಸ್‌ಪಿ ಇರುವ ಬೋರ್ಡಿಗೆ ಕಂಪನಿಯ ಮೂಲವೇ ಗತಿ.

ಹಿಂಬದಿಯ ಪ್ಯಾನೆಲ್ ಒಮ್ಮೆ ಕೂತು ನೋಡಿ. ಮೇಲೊಂದು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಇನ್‌ಪುಟ್, ಪಕ್ಕದಲ್ಲಿ ಮೈಕ್/ಲೈನ್ ಸ್ವಿಚ್ಚು. ಹೊಸಬರ ಅರ್ಧ ದೂರುಗಳು ಈ ಸ್ವಿಚ್ಚಿನವು. ಮಿಕ್ಸರ್‌ನಿಂದ ಬರುವ ಕೇಬಲ್ ಇಲ್ಲಿಗೆ ಬಂದಿದ್ದು ಸ್ವಿಚ್ಚು ಮೈಕ್ ಕಡೆಗಿದ್ದರೆ ಸುಮ್ಮನಿದ್ದಾಗ ಹುಸ್ಸೆಂದು ಸದ್ದು, ಹಾಡಿದಾಗ ಹರಿದ ದನಿ. ಅದರ ಕೆಳಗೆ ಬೇಸ್ ಎತ್ತುವ ಗುಂಡಿ ಇರುತ್ತದೆ, ಹೆಸರು ಕಂಪನಿಗೊಂದು. ಅಂಗಡಿಯಲ್ಲಿ ಅದು ಆನ್ ಆಗಿರುತ್ತದೆ, ಕಾರ್ಯಕ್ರಮದಲ್ಲಿ ಆಫ್ ಇರಬೇಕು. ಮಿಕ್ಸರಿನಲ್ಲಿ ಒಬ್ಬ ಬೇಸ್ ಎತ್ತಿ, ಡಬ್ಬದ ಹಿಂದೆ ಇನ್ನೊಬ್ಬ ಎತ್ತಿದರೆ ಲಿಮಿಟರ್ ಮೂರನೇ ಹಾಡಿಗೆ ಕೆಂಪು ದೀಪ ತೋರಿಸುತ್ತದೆ. ಮಾನಿಟರ್ ಆಗಿ ನೆಲಕ್ಕೆ ಮಲಗಿಸಿದಾಗ ಮಾನಿಟರ್ ಎಂಬ ಆಯ್ಕೆ ಒತ್ತಿ. ನೆಲಕ್ಕೆ ತಾಗಿದ ಡಬ್ಬದಿಂದ ಏಳುವ ಹೆಚ್ಚುವರಿ ಬೇಸನ್ನು ಅದು ಕಳೆಯುತ್ತದೆ. ಲಿಮಿಟ್ ದೀಪ ಜೋರಾದ ಹೊಡೆತಕ್ಕೆ ಮಿಂಚಿದರೆ ಪರವಾಗಿಲ್ಲ. ಎಡೆಬಿಡದೆ ಉರಿಯುತ್ತಿದ್ದರೆ ಹಾರ್ನಿನ ಡಯಾಫ್ರಂ ಬೇಯುತ್ತಿದೆ ಎಂದು ತಿಳಿಯಿರಿ.

ಕರೆಂಟಿನ ವಿಷಯದಲ್ಲಿ ಚಿಕ್ಕ ಸಿಸ್ಟಂ ದೊಡ್ಡ ನೆಮ್ಮದಿ. ಡಬ್ಬದ ಮೇಲೆ 2000 ವ್ಯಾಟ್ ಎಂದಿದ್ದರೂ ಹಾಡಿನಲ್ಲಿ ಅದು ಎಳೆಯುವ ಸರಾಸರಿ ಕರೆಂಟ್ ಒಂದೂವರೆ ಆಂಪಿಯರ್ ದಾಟುವುದು ಅಪರೂಪ. ಇಡೀ ತಂಡ ಒಂದು 16 ಆಂಪಿಯರ್ ಪಾಯಿಂಟಿನಲ್ಲಿ ಆರಾಮಾಗಿ ನಡೆಯುತ್ತದೆ. ವೈರಿನಲ್ಲಿ ಮಾತ್ರ ಜಿಪುಣತನ ಬೇಡ: 30 ಮೀಟರ್ ಉದ್ದದ 1 ಚದರ ಮಿ.ಮೀ. ವೈರಿನಲ್ಲಿ 10 ಆಂಪಿಯರ್ ಹರಿದರೆ 11 ವೋಲ್ಟ್ ದಾರಿಯಲ್ಲೇ ಸೋರುತ್ತದೆ, 2.5 ಚದರ ಮಿ.ಮೀ. ಆದರೆ ನಾಲ್ಕೂವರೆ. ಮಿಕ್ಸರ್, ಸ್ಪೀಕರ್, ಕೀಬೋರ್ಡು, ಗಿಟಾರ್ ಆಂಪ್ ಎಲ್ಲಕ್ಕೂ ಒಂದೇ ಪಾಯಿಂಟಿನಿಂದ ಕರೆಂಟ್ ತನ್ನಿ. ಹಮ್ಮಿಂಗ್ ಬರುತ್ತದೆಂದು ಪ್ಲಗ್ಗಿನ ಅರ್ತ್ ಕಡ್ಡಿ ಮುರಿಯುವ ಅಭ್ಯಾಸ ಇನ್ನೂ ಹೋಗಿಲ್ಲ. ಹಾಗೆ ಮಾಡಿದ ದಿನ ಗಿಟಾರ್ ಹಿಡಿದವನ ತುಟಿ ಮೈಕಿಗೆ ತಾಗಿದಾಗ ಕರೆಂಟ್ ಅವನ ಮೈಯಲ್ಲಿ ಹಾಯುತ್ತದೆ. ಹಮ್ಮಿಂಗ್‌ಗೆ, ವಾದ್ಯವನ್ನು ಮಿಕ್ಸರ್‌ಗೆ ಜೋಡಿಸುವ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ಚು ಇದೆ, ಅದನ್ನು ಬಳಸಿ.

ಜನರೇಟರ್ ಇದ್ದಲ್ಲಿ ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್ ಚುಚ್ಚಿ. 220ರಿಂದ 240ರವರೆಗೆ ಇದ್ದರೆ ಸರಿ. 250 ದಾಟಿದ್ದರೆ ಜನರೇಟರ್‌ನವನನ್ನು ಕರೆಯಿರಿ. ತ್ರೀ ಫೇಸ್ ಶಾಮಿಯಾನದಲ್ಲಿ ನ್ಯೂಟ್ರಲ್ ಸಡಿಲವಾದರೆ ಒಂದು ಫೇಸಿನ ವೋಲ್ಟೇಜ್ 400ರ ಹತ್ತಿರ ನೆಗೆಯುತ್ತದೆ, ಎಸ್‌ಎಂಪಿಎಸ್‌ನ ಕೆಪಾಸಿಟರ್‌ಗಳು ಪಟಾಕಿಯಾಗುತ್ತವೆ. ಲೈಟುಗಳು ಒಮ್ಮೆ ಮಂಕಾಗಿ ಒಮ್ಮೆ ಉರಿದೆದ್ದರೆ ಅದೇ ಸೂಚನೆ, ಕೂಡಲೇ ಪ್ಲಗ್ ಕೀಳಿ. ಅಮೆರಿಕದಿಂದ ಬರುವ ನೆಂಟರ ಕೈಲಿ ಸ್ಪೀಕರ್ ತರಿಸುವವರು ಹಿಂಬದಿಯ ಚೀಟಿಯಲ್ಲಿ 100–240 ವೋಲ್ಟ್ ಎಂದಿದೆಯೇ ಓದಿಸಿಕೊಳ್ಳಬೇಕು. ಬರೀ 120 ಎಂದಿದ್ದರೆ ಅಗ್ಗ ಸಿಕ್ಕರೂ ಬೇಡ.

ಡಬ್ಬ ಹಗುರಾಯಿತೆಂದು ಸ್ಟ್ಯಾಂಡನ್ನೂ ಅಗ್ಗದ್ದು ತರುವವರಿದ್ದಾರೆ. ಎರಡು ಮೀಟರ್ ಎತ್ತರದಲ್ಲಿ ಕೂತ 10 ಕೆಜಿ, ಓಡಾಡುವ ಮಕ್ಕಳಿರುವ ಛತ್ರದಲ್ಲಿ ಹಗುರವಲ್ಲ. ಕಾಲುಗಳನ್ನು ಪೂರ್ತಿ ಅಗಲಿಸಿ, ಒಂದು ಕಾಲು ಜನರ ಕಡೆಗೆ ಬರುವಂತೆ ನಿಲ್ಲಿಸಿ, ಹಿಂದಿನ ಎರಡು ಕಾಲಿಗೆ ಮರಳಿನ ಚೀಲ ಹಾಕಿ. ಎತ್ತರ ಹಿಡಿಯುವ ಪಿನ್ ತೂತಿನೊಳಗೆ ಕೂತಿದೆಯೇ ಎಂದು ಕೈಯಿಟ್ಟು ನೋಡಬೇಕು, ಬರೀ ಸ್ಕ್ರೂ ನಂಬಿದರೆ ಅರ್ಧ ಕಾರ್ಯಕ್ರಮಕ್ಕೆ ಕಂಬ ಮೆಲ್ಲಗೆ ಇಳಿಯುತ್ತದೆ. ಶಾಮಿಯಾನದ ಮಣ್ಣಿನಲ್ಲಿ ಕಾಲಿನ ಕೆಳಗೆ ಅಂಗೈಯಗಲದ ಪ್ಲೈವುಡ್ ತುಂಡು.

ಅಂಗಡಿಗೆ ಹೋಗುವಾಗ ಮೊಬೈಲಿನಲ್ಲಿ ಹಾಡು ಒಯ್ಯಬೇಡಿ. ಮಾಸ್ಟರಿಂಗ್ ಆಗಿ ಬಂದ ಹಾಡು ಯಾವ ಡಬ್ಬದಲ್ಲೂ ಚೆನ್ನಾಗಿಯೇ ಕೇಳುತ್ತದೆ. ನಿಮ್ಮ ಮೈಕು, ನಿಮ್ಮ ಗಾಯಕಿ, ನಿಮ್ಮ ಢೋಲಕ್ ಹೋಗಬೇಕು. ಈಕ್ಯೂ ಎಲ್ಲ ಸಮಕ್ಕಿಟ್ಟು ಗಾಯಕಿಯಿಂದ ತಾರಸ್ಥಾಯಿಯಲ್ಲಿ ಒಂದು ಚರಣ ಹಾಡಿಸಿ. ಕಿವಿಗೆ ಸೂಜಿ ಚುಚ್ಚಿದಂತಾದರೆ ಆ ಹಾರ್ನ್ ಜನ್ಮದಲ್ಲಿ ಸರಿಹೋಗುವುದಿಲ್ಲ. ನಂತರ ಡಬ್ಬದ ನೇರದಿಂದ 45 ಡಿಗ್ರಿ ಪಕ್ಕಕ್ಕೆ ಸರಿದು ಅದೇ ಚರಣ ಕೇಳಿ, ಛತ್ರದಲ್ಲಿ ಬಹಳ ಜನ ಕೂರುವುದು ನೇರಕ್ಕಲ್ಲ, ಪಕ್ಕಕ್ಕೆ. ಲಿಮಿಟ್ ದೀಪ ಆಗಾಗ ಮಿಂಚುವಷ್ಟು ಏರಿಸಿ ಇಪ್ಪತ್ತು ನಿಮಿಷ ಓಡಿಸಿ, ಬೇಸ್ ಸೊರಗುತ್ತದೆಯೇ, ಫ್ಯಾನ್ ಸದ್ದು ಮಾಡುತ್ತದೆಯೇ ನೋಡಿ. ಎಲ್ಲ ಇಳಿಸಿ ಒಂದು ಮೀಟರ್ ದೂರದಲ್ಲಿ ಹಿಸ್ಸೆನ್ನುವ ಸದ್ದು ಎಷ್ಟೆಂದು ಕೇಳಿಸಿಕೊಳ್ಳಿ. ಕೊನೆಗೆ ಒಂದು ಕೈಯಲ್ಲಿ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿಳಿಯಿರಿ. ಹಿಡಿಕೆ ತೂಕದ ನಡುವಿಗಿಲ್ಲದಿದ್ದರೆ ಡಬ್ಬದ ಮೂಲೆ ಮೊಣಕಾಲಿಗೆ ಬಡಿಯುತ್ತದೆ. ಇದಕ್ಕೆಲ್ಲ ಅಂಗಡಿಯವರು ಒಪ್ಪದಿದ್ದರೆ ಅದೇ ಮಾದರಿಯನ್ನು ಒಂದು ಕಾರ್ಯಕ್ರಮಕ್ಕೆ ಬಾಡಿಗೆಗೆ ತರುವುದು ಒಳ್ಳೆಯದು.

ಕಾನೂನೂ ಈಗ ಚಿಕ್ಕ ಸಿಸ್ಟಂ ಪರವಾಗಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ, ಸರ್ಕಾರ ಕೊಡುವ ವಿನಾಯಿತಿಯ ದಿನಗಳನ್ನು ಬಿಟ್ಟು. ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡುವುದು ಕಂಠದ ಸದ್ದಿಗಲ್ಲ, ಗೋಡೆ ಹಾಯ್ದು ಬರುವ ಬೇಸಿಗೆ. ಒಂದು ಸಬ್ ಇರುವ ತಂಡಕ್ಕೆ ಈ ತಲೆನೋವು ಕಡಿಮೆ.

ಬಯಲು, ಐನೂರಕ್ಕೂ ಮಿಕ್ಕಿ ಜನ, ರಾಜ್ಯೋತ್ಸವದ ಮೈದಾನ ಎಂದಾದರೆ ಬಾಡಿಗೆ ಸಿಸ್ಟಂ ಹೇಳಿ, ನಿಮ್ಮ ನಾಲ್ಕು ಡಬ್ಬಗಳನ್ನು ವೇದಿಕೆಯ ಮಾನಿಟರ್‌ಗೆ ಬಳಸಿ, ಮಿಕ್ಸರ್ ನಿಮ್ಮದೇ ಇರಲಿ. ಬಾಡಿಗೆಯವರಿಗೆ ಎಡ ಬಲ ಎರಡು ಎಕ್ಸ್‌ಎಲ್‌ಆರ್ ಕೊಟ್ಟರೆ ಸಾಕು, ಸೌಂಡ್ ಚೆಕ್‌ನಲ್ಲಿ ಒಂದು ಗಂಟೆ ಉಳಿಯುತ್ತದೆ. ಎರಡು ಕಡೆ ಬೇರೆ ಬೇರೆ ಜನರೇಟರ್ ಇದ್ದರೆ ಆ ಎರಡು ಎಕ್ಸ್‌ಎಲ್‌ಆರ್ ಲೈನಿಗೆ ಹಮ್ಮಿಂಗ್ ತಡೆಯುವ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಯಾವ ಸಿಸ್ಟಂ ಎಂದು ತೀರ್ಮಾನಿಸುವುದು ಕಾರ್ಯಕ್ರಮ ಒಪ್ಪಿಕೊಳ್ಳುವ ಫೋನಿನಲ್ಲೇ. "ಸರ್, ಹಾಲ್ ಉದ್ದ ಎಷ್ಟು? ವೇದಿಕೆ ಎಷ್ಟಡಿ ಎತ್ತರ? ಯಾವ ಮಹಡಿ, ಲಿಫ್ಟ್ ನಮಗೆ ಸಿಗುತ್ತಾ? ವೇದಿಕೆ ಪಕ್ಕ 16 ಆಂಪಿಯರ್ ಪಾಯಿಂಟ್ ಇದೆಯಾ, ಜನರೇಟರ್ ಯಾರದು?" ಉತ್ತರ ಗೊತ್ತಿಲ್ಲ ಎಂದರೆ ಛತ್ರದ ಮ್ಯಾನೇಜರ್ ನಂಬರ್ ಕೇಳಿ ತೆಗೆದುಕೊಳ್ಳಿ, ವೇದಿಕೆಯ ಒಂದು ಫೋಟೊ ವಾಟ್ಸಾಪ್‌ಗೆ ಹಾಕಿಸಿಕೊಳ್ಳಿ. ಆಮೇಲೆ ರೇಟು ಹೇಳಿ.